ಪುಸ್ತಕದ 64.7 ಡಿಗ್ರಿ, ಸೊಲ್ಲಾಪುರದ ಮೆಥನಾಲ್

ನಾನು ಅಕ್ಕಲಕೋಟದವ. ಕೆಲಸ ಸೊಲ್ಲಾಪುರದಾಚೆ ಚಿಂಚೋಳಿ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ, ಅಳತೆ ಉಪಕರಣ ನೋಡಿಕೊಳ್ಳುವ, ಇನ್‌ಸ್ಟ್ರುಮೆಂಟೇಶನ್ ವಿಭಾಗ. ನಮ್ಮ ಕಾರ್ಖಾನೆ ಮಾತ್ರೆ ಒತ್ತುವುದಿಲ್ಲ, ಮಾತ್ರೆಯೊಳಗಿನ ಮೂಲ ಔಷಧ ಮಾಡುತ್ತದೆ. ಈ ದಂಧೆಯಲ್ಲಿ ಔಷಧಕ್ಕಿಂತ ಕಸವೇ ಜಾಸ್ತಿ: ಕಿಲೋ ಔಷಧಕ್ಕೆ 25ರಿಂದ 100 ಕಿಲೋ ತ್ಯಾಜ್ಯ ಎಂದು ರಸಾಯನವಿಜ್ಞಾನಿ ರೋಜರ್ ಶೆಲ್ಡನ್ 1992ರಲ್ಲೇ ಲೆಕ್ಕ ಕೊಟ್ಟಿದ್ದರು. ಅದರಲ್ಲಿ ದೊಡ್ಡ ಪಾಲು ಸಾಲ್ವೆಂಟ್, ಅಂದರೆ ಮೆಥನಾಲಿನಂಥ ಕರಗಿಸುವ ದ್ರವ.

ಬಳಸಿದ ಮೆಥನಾಲನ್ನು ನಾವು ಕಾಲಂ ಎಂಬ ಎತ್ತರದ ಗೋಪುರದಲ್ಲಿ ಬಟ್ಟಿ ಇಳಿಸಿ ಮತ್ತೆ ಬಳಸುತ್ತೇವೆ. ಗುಣಮಟ್ಟ ಸರಿಯಿದ್ದರೆ ಮೂಲ ಔಷಧ ತಯಾರಿಕೆಯ ಅಂತರರಾಷ್ಟ್ರೀಯ ಮಾರ್ಗಸೂಚಿ ಐಸಿಎಚ್ ಕ್ಯೂ7 ಇದಕ್ಕೆ ಒಪ್ಪುತ್ತದೆ. ಆದರೆ ನೀರಿನಂಶ ಹೆಚ್ಚಾಗಿ ಕ್ಯೂಸಿಯ ಗುಣಮಟ್ಟ ಪರೀಕ್ಷೆಯಲ್ಲಿ ಲಾಟ್ ಮೇಲೆ ಲಾಟ್ ಫೇಲ್. ಮತ್ತೆ ಕುದಿಸು, ಮತ್ತೆ ಉಗಿ ಸುಡು. ಕಾಲಂ ತಳದಲ್ಲಿ ಉಳಿದ ಮೆಥನಾಲ್ ಇಟಿಪಿಗೆ, ಅಂದರೆ ತ್ಯಾಜ್ಯನೀರು ಶುದ್ಧಿ ಘಟಕಕ್ಕೆ ಹೋದರೆ, ಅದನ್ನು ಒಡೆಯಲು ಕಿಲೋಗೆ ಒಂದೂವರೆ ಕಿಲೋ ಆಮ್ಲಜನಕದ ಹೊರೆ.

ಲಾಗ್‌ಬುಕ್ ತೆಗೆದು ನೋಡಿದೆ. ಕಾಲಂ ತುದಿಯ ಉಷ್ಣತೆ ತಾಸಿಗೊಮ್ಮೆ 65, 65, 65. ರಾತ್ರಿಪಾಳಿಯ ಕಾಕಾನನ್ನು ಕೇಳಿದೆ.

"ಸಾಹೇಬ್ರ, ರಾತ್ರ್ಯಾಗ ನಿಚ್ಚಣಿಕಿ ಹತ್ತಿ ಡಯಲ್ ಯಾರ್ ನೋಡ್ತಾರ್ರಿ?"

ಸಿಟ್ಟು ಬರಲಿಲ್ಲ. ಆ ಡಯಲ್ ಎಲ್ಲಿದೆ ಎಂದು ನನಗೂ ಗೊತ್ತು.

ಮೊದಲು ಒಂದು ಅಗ್ಗದ ವೈಫೈ ಸೆನ್ಸರ್ ತಂದೆ. ಸೇಫ್ಟಿಯವರು ಬಾಗಿಲಲ್ಲೇ ತಡೆದರು. ಮೆಥನಾಲ್ ಆವಿ ಇರುವಲ್ಲಿ ಒಂದು ಕಿಡಿ ಸಾಕು, ಅವರು ತಡೆದದ್ದು ಸರಿಯೇ. ಕೊನೆಗೆ ಫ್ಲೇಮ್‌ಪ್ರೂಫ್ ತಲೆಯ ಪಿಟಿ-100 ಉಷ್ಣತಾ ಸೆನ್ಸರ್ ಕೂಡಿಸಿ, ಕಂಟ್ರೋಲ್ ರೂಮಿನವರೆಗೆ ತಂತಿ ಎಳೆದು, ಹತ್ತು ಸೆಕೆಂಡಿಗೊಮ್ಮೆ ಅಳತೆ ದಾಖಲಿಸುವ ಲಾಗರಿಗೆ ಬರುವಂತೆ ಮಾಡಿದೆ.

ಗ್ರಾಫ್ ನೋಡಿ ತಲೆ ಕೆರೆದುಕೊಂಡೆ. ಕಾಲಂ ತುದಿಯಲ್ಲಿ 64.7 ಡಿಗ್ರಿ ನೆಟ್ಟಗೆ ನಿಂತಿದೆ, ಆದರೂ ಲಾಟ್ ಫೇಲ್! ಎರಡು ವಾರ ಸೆನ್ಸರನ್ನೇ ಬೈದೆ, ಎರಡು ಸಲ ಕ್ಯಾಲಿಬ್ರೇಶನ್ ಮಾಡಿಸಿದೆ. ತಪ್ಪು ಇದ್ದದ್ದು ಪುಸ್ತಕದಿಂದ ಎತ್ತಿದ ಆ 64.7ರಲ್ಲಿ. ಅದು ಸಮುದ್ರಮಟ್ಟದ ಒತ್ತಡದಲ್ಲಿ ಶುದ್ಧ ಮೆಥನಾಲ್ ಕುದಿಯುವ ಬಿಂದು. ಸೊಲ್ಲಾಪುರ 450 ಮೀಟರಿಗೂ ಮೇಲಿದೆ. ಇಲ್ಲಿ ಗಾಳಿಯ ಒತ್ತಡ ಕಡಿಮೆ, ಶುದ್ಧ ಮೆಥನಾಲ್ ಒಂದು ಡಿಗ್ರಿಗೂ ಹೆಚ್ಚು ಕೆಳಗೇ ಕುದಿಯುತ್ತದೆ. ಅಂದರೆ ನಮ್ಮಲ್ಲಿ 64.7 ಬಂತೆಂದರೆ ಆವಿಯ ಜೊತೆ ನೀರೂ ಮೇಲೆ ಹತ್ತಿದೆ ಎಂದೇ ಅರ್ಥ. ಡಯಲ್ ಕಾಲದಲ್ಲಿ ಈ ಒಂದು ಡಿಗ್ರಿ ಯಾರ ಕಣ್ಣಿಗೂ ಬೀಳುವಂತಿರಲಿಲ್ಲ.

ಒತ್ತಡದ ಸೆನ್ಸರ್ ಒಂದನ್ನು ಸೇರಿಸಿ, ಸೆಟ್ ಪಾಯಿಂಟ್, ಅಂದರೆ ಕಾಲಂ ತುದಿ ನಿಲ್ಲಬೇಕಾದ ಉಷ್ಣತೆ, ಅದಕ್ಕೆ ತಕ್ಕಂತೆ ತಾನೇ ಸರಿಯುವಂತೆ ಕಾಲಂ ನಡೆಸುವ ಕಂಪ್ಯೂಟರಾದ ಪಿಎಲ್‌ಸಿಯಲ್ಲಿ ನಾಲ್ಕು ಸಾಲು ಬರೆದೆ. ಬರೆಯಲು ಒಂದು ಮಧ್ಯಾಹ್ನ. ಚೇಂಜ್ ಕಂಟ್ರೋಲ್ (ಬದಲಾವಣೆಗೆ ಒಪ್ಪಿಗೆ), ವ್ಯಾಲಿಡೇಶನ್ (ಸರಿಯಾಗಿ ನಡೆಯುತ್ತದೆಂಬ ಪುರಾವೆ), ಆಡಿಟ್ ಟ್ರೇಲ್ (ಬದಲಾವಣೆಗಳ ದಾಖಲೆ) ಎಂದು ಗುಣಮಟ್ಟ ಖಾತ್ರಿಯ ಕ್ಯೂಎ ಮೇಜಿನ ಮೇಲೆ ತಿಂಗಳುಗಟ್ಟಲೆ. ಬೇಸರವಾಯಿತು, ಆದರೆ 65, 65, 65 ಬರೆದ ಪುಸ್ತಕ ಕಂಡಮೇಲೆ ಯಾರು ಯಾವಾಗ ಏನು ಬದಲಿಸಿದರೆಂಬ ದಾಖಲೆ ಬೇಡವೆನ್ನಲು ನನಗೆ ಬಾಯಿಲ್ಲ.

ಈಗ ಎರಡನೇ ಸಲ ಕುದಿಸುವುದು ಅಪರೂಪ. ಇರಲಿ ಎಂದು ಹೆಚ್ಚು ರಿಫ್ಲಕ್ಸ್ ಕೊಟ್ಟು (ತಣಿದ ಮೆಥನಾಲನ್ನು ಮತ್ತೆ ಕಾಲಂಗೆ ಬಿಟ್ಟು) ಉಗಿ ಸುಡುವ ಚಾಳಿಯೂ ಇಳಿದಿದೆ. ಕಾಲಂ ತಳಕ್ಕೆ ಇನ್ನೂ ಸೆನ್ಸರ್ ಇಲ್ಲ, ಇಟಿಪಿಗೆ ಎಷ್ಟು ಮೆಥನಾಲ್ ಜಾರುತ್ತದೆಂದು ಈಗಲೂ ಸ್ಯಾಂಪಲ್ ತೆಗೆದೇ ನೋಡಬೇಕು. ಮೊನ್ನೆ ಮಳೆಗಾಲದ ಮೋಡ ಕವಿದ ರಾತ್ರಿ ಕಾಕಾ ಫೋನ್ ಮಾಡಿದ: "ಸೆಟ್ ಪಾಯಿಂಟ್ ತಾನs ಇಳಿಯಾಕತ್ತೈತ್ರಿ, ಕೆಟ್ಟೈತೇನು?" ಕೆಟ್ಟಿಲ್ಲ ಕಾಕಾ, ಒತ್ತಡ ಇಳಿದಿದೆ, ಅಷ್ಟೇ ಎಂದೆ.