ಬೆಳೆ ಪರಿಹಾರ: ಮಳೆಗೆ ಮುಂಚೆ ನಾನು ಸರಿ ಮಾಡಿಕೊಂಡ ದಾಖಲೆಗಳು

ಮೂಡಿಗೆರೆ ಕಡೆ ಆಗಸ್ಟ್ ಮಳೆಗೆ ಕಾಫಿ ಕಾಯಿ ಉದುರುವುದು ಹೊಸದೇನಲ್ಲ. ಉದುರಿದ ಮೇಲೆ ಎಲ್ಲರೂ ನಾಡಕಚೇರಿಗೆ ಓಡುತ್ತಾರೆ, ಕೈಯಲ್ಲಿ ಅರ್ಜಿ, ಮೊಬೈಲ್ ತುಂಬ ಫೋಟೋ. ಫೋಟೋ ಬೇಡ ಅನ್ನುತ್ತಿಲ್ಲ. ಆದರೆ ಪರಿಹಾರ ಸಿಗುತ್ತದೋ ಇಲ್ಲವೋ ಅನ್ನುವುದು ಬಹುಪಾಲು ತೀರ್ಮಾನವಾಗುವುದು ಪಹಣಿಯಲ್ಲಿ, ಅಂದರೆ ಜಮೀನು ಯಾರದು, ಅದರಲ್ಲಿ ಏನು ಬೆಳೆ ಅಂತ ಬರೆದಿರುವ ದಾಖಲೆಯಲ್ಲಿ.

ಅದಕ್ಕೇ ನಾನು ಬೇಸಿಗೆಯಲ್ಲೇ ಶುರು ಮಾಡಿದೆ. ‘ಬೆಳೆ ದರ್ಶಕ’ ಆ್ಯಪ್‌ನಲ್ಲಿ ಸರ್ವೆ ನಂಬರ್ ಹಾಕಿದರೆ ಬೆಳೆ ಸಮೀಕ್ಷೆಗೆ ಬಂದವರು ಏನು ಬರೆದುಕೊಂಡಿದ್ದಾರೆ ಅಂತ ಫೋಟೋ ಸಮೇತ ಕಾಣುತ್ತದೆ. ನಮ್ಮ ಒಂದು ನಂಬರಿನಲ್ಲಿ ಕಾಫಿ ಇರುವ ಜಾಗವೇ ಪಾಳು ಅಂತ ನಮೂದಾಗಿತ್ತು, ನೆರಳಿನ ಮರ ನೋಡಿ ಕಾಡು ಅಂದುಕೊಂಡರೋ, ರಸ್ತೆಯಲ್ಲೇ ನಿಂತು ಫೋಟೋ ಹೊಡೆದರೋ, ಅವರಿಗೇ ಗೊತ್ತು. ಅಲ್ಲೇ ಆಕ್ಷೇಪಣೆ ಹಾಕಿದೆ. ಹಾಕಿ ಸುಮ್ನೆ ಕೂರಲಿಲ್ಲ, ಗ್ರಾಮ ಆಡಳಿತ ಅಧಿಕಾರಿಯವರನ್ನು ಕಂಡು ತೋಟ ತೋರಿಸಿದೆ. ಪಾಳು ಜಾಗಕ್ಕೆ ಬೆಳೆ ಪರಿಹಾರ ಯಾರು ಕೊಡ್ತಾರೆ?

ಆಮೇಲೆ ಎಫ್‌ಐಡಿ, ಅಂದರೆ ಸರ್ಕಾರದ ‘ಫ್ರೂಟ್ಸ್’ ತಂತ್ರಾಂಶದಲ್ಲಿ ರೈತನಿಗೆ ಕೊಡುವ ಗುರುತಿನ ನಂಬರ್. ಆ ನಂಬರ್ ಇದ್ದರೆ ಸಾಲದು, ಅದಕ್ಕೆ ಎಲ್ಲಾ ಸರ್ವೆ ನಂಬರೂ ಸೇರಿರಬೇಕು. ಪಿಎಂ ಕಿಸಾನ್‌ಗೆ ಅಂತ ಮಾಡಿಸಿದಾಗ ಬಹಳ ಜನ ಒಂದೇ ಪಹಣಿ ಕೊಟ್ಟು ಬಂದಿರುತ್ತಾರೆ. ರೈತ ಸಂಪರ್ಕ ಕೇಂದ್ರದಲ್ಲಿ ಕೂತು ಒಂದೊಂದಾಗಿ ಸೇರಿಸಿಕೊಂಡು ಬಂದೆ. ಅಪ್ಪನ ಹೆಸರಲ್ಲೇ ಉಳಿದಿದ್ದ ಜಮೀನಿಗೆ ಮೊದಲು ಪೌತಿ ಖಾತೆ (ತೀರಿಹೋದವರ ಹೆಸರಿಂದ ವಾರಸುದಾರರ ಹೆಸರಿಗೆ ಬದಲಾವಣೆ) ಆಗಬೇಕಾಯಿತು, ಸಮಯ ಜಾಸ್ತಿ ತಿಂದಿದ್ದು ಅದೇ. ಒತ್ತುವರಿ ಮಾಡಿ ಕಾಫಿ ಹಾಕಿದವರ ಕಥೆ ಬೇರೆ. ಪಹಣಿಯೇ ಇಲ್ಲದ ಮೇಲೆ ಲೆಕ್ಕಕ್ಕೇ ಬರುವುದಿಲ್ಲ.

ಬ್ಯಾಂಕಿನಲ್ಲಿ ಕೇಳಬೇಕಾದ ಪ್ರಶ್ನೆ ‘ಆಧಾರ್ ಲಿಂಕ್ ಆಗಿದೆಯಾ’ ಅಂತಲ್ಲ, ‘ಎನ್‌ಪಿಸಿಐ ಮ್ಯಾಪಿಂಗ್ ಯಾವ ಖಾತೆಗೆ ಇದೆ’ ಅಂತ. ಆಧಾರ್ ಮೂಲಕ ಬರುವ ಸರ್ಕಾರಿ ದುಡ್ಡು ಯಾವ ಖಾತೆಗೆ ಹೋಗಬೇಕು ಅನ್ನುವ ಜೋಡಣೆ ಅದು, ದುಡ್ಡು ಬರುವುದು ಆ ಖಾತೆಗೆ. ಹಳೇ ಖಾತೆ ಬಳಸದೆ ನಿಂತುಹೋಗಿದ್ದರೆ ವಾಪಸ್ಸೂ ಹೋಗಬಹುದು.

ಮಳೆ ಬಂತು, ಕಾಯಿ ಉದುರಿತು, ಕೊಳೆರೋಗವೂ ಹಿಡಿಯಿತು. ಜಂಟಿ ಸಮೀಕ್ಷೆಗೆ ಕಂದಾಯದವರ ಜೊತೆ ಕಾಫಿ ಬೋರ್ಡ್‌ನವರೂ ಬರುತ್ತಾರೆ. ಬಂದ ದಿನ ನಾವು ತೋಟದಲ್ಲೇ ಇರಬೇಕು, ಹಳ್ಳದ ಪಕ್ಕದ ಪಟ್ಟೆಗೆ ಕರೆದುಕೊಂಡು ಹೋಗಬೇಕು. ಹಾನಿ ಶೇ. 33 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಾತ್ರ ಪಟ್ಟಿಗೆ ಸೇರುತ್ತದೆ. ರಸ್ತೆ ಬದಿ ಗಿಡಗಳಲ್ಲಿ ಕಾಯಿ ಚೆನ್ನಾಗಿ ನಿಂತಿರುತ್ತದೆ, ಅದನ್ನಷ್ಟೇ ನೋಡಿ ಹೋದರೆ ಕಷ್ಟ ಅಲ್ವಾ?

ಇನ್ನು ಮೊತ್ತ. 2022ರಲ್ಲಿ ಪರಿಷ್ಕರಿಸಿದ, 2025-26ರವರೆಗಿನ ಕೇಂದ್ರದ ಮಾನದಂಡದಲ್ಲಿ ಕಾಫಿಯಂಥ ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 22,500 ರೂಪಾಯಿ, ಅದೂ 2 ಹೆಕ್ಟೇರ್‌ವರೆಗೆ ಮಾತ್ರ. ಅಂದರೆ ಎಕರೆಗೆ ಸುಮಾರು 9,000. ಐದೆಕರೆ ಇದ್ದವನಿಗೂ ಐವತ್ತೆಕರೆ ಇದ್ದವನಿಗೂ ಸಿಗುವುದು ಒಂದೇ ಮೊತ್ತ. ಹೋದ ಬೆಳೆಗೆ ಇದು ಸಮ ಅಂತ ಯಾರೂ ಅಂದುಕೊಳ್ಳಬೇಡಿ. ಗೊಬ್ಬರದ ಅಂಗಡಿ ಸಾಲ ತೀರಿದರೆ ಹೆಚ್ಚು.

ಕಾಳುಮೆಣಸಿಗೆ, ಅಡಿಕೆಗೆ ಕಟ್ಟುವ ಹವಾಮಾನ ಆಧಾರಿತ ವಿಮೆ ಇದಲ್ಲ, ಅದು ಬೇರೆಯೇ. ಎರಡನ್ನೂ ಕಲಸಿಕೊಂಡು ‘ವಿಮೆ ಬಂತಲ್ಲ’ ಅಂತ ಪರಿಹಾರ ಕೇಳದೇ ಬಿಟ್ಟವರನ್ನು ನೋಡಿದ್ದೇನೆ.

ನನ್ನ ಖಾತೆಗೆ ದುಡ್ಡು ಬಂತು. ಬಂದ ಮೇಲೂ ‘ಪರಿಹಾರ’ ತಂತ್ರಾಂಶದ ಪುಟದಲ್ಲಿ ಯಾವ ಸರ್ವೆ ನಂಬರಿಗೆ ಎಷ್ಟು ವಿಸ್ತೀರ್ಣ ಹಿಡಿದಿದ್ದಾರೆ ಅಂತ ಹೋಲಿಸಿ ನೋಡಿದೆ, ಸರಿಯಿತ್ತು. ಅಕ್ಕನ ಪಾಲಿನ ಜಾಗ ಮಾತ್ರ ಇನ್ನೂ ಜಂಟಿ ಖಾತೆಯಲ್ಲಿದೆ. ಪಾಲು ಬೇರೆ ಮಾಡಲು ಬೇಕಾದ 11ಇ ನಕ್ಷೆಗೆ ಅರ್ಜಿ ಹಾಕಿದ್ದೇವೆ, ಸರ್ವೆಯರ್ ಬರಬೇಕು.