ನೆರೆ ಇಳಿದ ಮೇಲೆ ಸೊಳ್ಳೆ ತಡೆ: ಗಂಗಾವಳಿ ದಂಡೆಯಲ್ಲಿ ನಾವು ಮಾಡಿದ್ದು

ಉತ್ತರ ಕನ್ನಡದ ಗಂಗಾವಳಿ ಹೊಳೆ ಉಕ್ಕಿ ಹರಿಯುವಾಗ ಸೊಳ್ಳೆ ಕಾಟ ಅಷ್ಟಿಲ್ಲ, ನೀರಿನ ಸೆಳೆತಕ್ಕೆ ಹುಳಗಳೆಲ್ಲ ಕೊಚ್ಚಿಹೋಗುತ್ತವೆ. ನಮ್ಮ ಕೆಲಸ ಶುರುವಾಗುವುದು ನೀರು ಇಳಿದ ದಿನದಿಂದ. ಮೊಟ್ಟೆಯಿಂದ ಸೊಳ್ಳೆಯಾಗಲು 7ರಿಂದ 10 ದಿನ ಸಾಕು. ಅದಕ್ಕೇ ಮೊದಲ ವಾರದೊಳಗೆ ಒಂದು ಸುತ್ತು, ಆಮೇಲೆ ಪ್ರತಿ ಶುಕ್ರವಾರ ಒಂದು ಸುತ್ತು. ಒಂದು ವಾರ ತಪ್ಪಿದರೆ ಮಾಡಿದ್ದೆಲ್ಲ ನೀರಲ್ಲಿ ಹೋಮ.

ಗದ್ದೆಯಲ್ಲಿ ನಿಂತ ನೀರು ನೋಡಿ ಜನ ಹೆದರುತ್ತಾರೆ. ಡೆಂಗಿ ತರುವ ಈಡಿಸ್ ಸೊಳ್ಳೆ ಹುಟ್ಟುವುದು ಮಾತ್ರ ಹೆಚ್ಚಾಗಿ ಮನೆಯಂಗಳದಲ್ಲೇ: ಒರಳುಕಲ್ಲಿನ ಗುಂಡಿ, ತೆಂಗಿನ ಗೆರಟೆ, ಉದುರಿದ ಅಡಿಕೆ ಹಾಳೆ, ಫ್ರಿಜ್ ಹಿಂದಿನ ಟ್ರೇ. ದಂಡೆಯಲ್ಲಿ ಇನ್ನೊಂದು ದೊಡ್ಡ ಜಾಗವಿದೆ. ಜೂನ್, ಜುಲೈನಲ್ಲಿ ಮೀನುಗಾರಿಕೆ ನಿಷೇಧವಿರುವಾಗ ದಡಕ್ಕೆ ಎಳೆದಿಟ್ಟ ದೋಣಿಗಳ ತಾಡಪತ್ರಿ ಮಡಿಕೆಗಳು, ಪಕ್ಕಕ್ಕೆ ಕಟ್ಟಿದ ಹಳೇ ಟಯರುಗಳು. ಟಯರು ಎಷ್ಟು ಅಲ್ಲಾಡಿಸಿದರೂ ಒಳಸುತ್ತಿನಲ್ಲಿ ನೀರು ಉಳಿಯುತ್ತದೆ. ತಳಭಾಗದಲ್ಲಿ ಎರಡು ಮೂರು ತೂತು ಕೊರೆದರೆ ಮಾತ್ರ ಪೂರ್ತಿ ಇಳಿಯುತ್ತದೆ.

ನೀರು ಚೆಲ್ಲಿದರಷ್ಟೇ ಸಾಲದು. ಈಡಿಸ್ ಮೊಟ್ಟೆ ಇಡುವುದು ನೀರಿನ ಮಟ್ಟಕ್ಕಿಂತ ತುಸು ಮೇಲೆ, ಪಾತ್ರೆಯ ಒಳಗೋಡೆಗೆ ಅಂಟಿಸಿ. ಅದು ಒಣಗಿ ತಿಂಗಳುಗಟ್ಟಲೆ ಬದುಕಿದ್ದು, ನೀರು ಮುಟ್ಟಿದೊಡನೆ ಒಡೆಯುತ್ತದೆ. ಹಂಡೆ, ಡ್ರಮ್ಮುಗಳನ್ನು ತೆಂಗಿನ ನಾರಿನಿಂದ ಅಂಚಿನವರೆಗೆ ಗಸಗಸ ತಿಕ್ಕಿ ತೊಳೆದು ಕವುಚಿ ಇಡಬೇಕು. ಮುಚ್ಚಳದ ಬದಲು ಬಟ್ಟೆ ಕಟ್ಟುವುದಾದರೆ ಬಿಗಿಯಾಗಿರಲಿ, ಜೋಲುಬಿದ್ದರೆ ಆ ತಗ್ಗಿನಲ್ಲೇ ಮಳೆನೀರು ನಿಲ್ಲುತ್ತದೆ.

ತಟ್ಟನೆ ಖಾಲಿ ಮಾಡಲಾಗದ ನೀರನ್ನು ಬಿಳಿ ಬಟ್ಟಲಲ್ಲಿ ಮೊಗೆದು ಬ್ಯಾಟರಿ ಬಿಟ್ಟು ನೋಡುತ್ತೇವೆ. ಲಾರ್ವಾ, ಅಂದರೆ ಸೊಳ್ಳೆಯ ಮರಿಹುಳ, ತಲೆ ಕೆಳಗಾಗಿ ಓರೆಯಾಗಿ ತೂಗುತ್ತಿದ್ದರೆ ಈಡಿಸ್ ಅಥವಾ ಕ್ಯೂಲೆಕ್ಸ್ ಎಂಬ ಇನ್ನೊಂದು ಜಾತಿ. ನೀರಿನ ಮೇಲ್ಮೈಗೆ ಸಮನಾಗಿ ಮಲಗಿದ್ದರೆ ಮಲೇರಿಯಾದ ಅನಾಫಿಲಿಸ್. ಅಲ್ಪವಿರಾಮದಂತೆ ಬಾಗಿದವು ಕಂಡರೆ ಅವು ಕೋಶಗಳು, ಸೊಳ್ಳೆಯಾಗುವ ಮುಂಚಿನ ಹಂತ. ಅವು ಏನೂ ತಿನ್ನುವುದಿಲ್ಲ, ಲಾರ್ವಾ ಕೊಲ್ಲುವ ಮದ್ದಾದ ಟೆಮೆಫಾಸಿಗೂ ಅಷ್ಟಾಗಿ ಬಗ್ಗುವುದಿಲ್ಲ. ಅಂಥ ನೀರನ್ನು ಅಂದೇ ಒಣನೆಲಕ್ಕೆ ಸುರಿಯಬೇಕು, ಚರಂಡಿಗಲ್ಲ. ಟೆಮೆಫಾಸ್ 50 ಇ.ಸಿ. ಅಳತೆ 10 ಲೀಟರ್ ನೀರಿಗೆ 2.5 ಮಿ.ಲೀ. ಈ ದ್ರಾವಣವನ್ನು ನಿಂತ ನೀರಿನ ಮೇಲೆ ಚದರ ಮೀಟರಿಗೆ 20 ಮಿ.ಲೀ.ನಂತೆ ವಾರಕ್ಕೊಮ್ಮೆ ಸಿಂಪಡಿಸುತ್ತೇವೆ, ಆರೋಗ್ಯ ಕೇಂದ್ರದವರು ಜೊತೆಗಿದ್ದಾಗ ಮಾತ್ರ.

ನೆರೆ ನುಗ್ಗಿದ ಬಾವಿಗೆ ಮೊದಲು ಬ್ಲೀಚಿಂಗ್. ಕುಡಿಯುವ ನೀರಿಗೆ ಹಾಕುವ ಪ್ರಮಾಣಕ್ಕೆ ಲಾರ್ವಾ ಸಾಯುವುದಿಲ್ಲ, ಆದರೆ ಲಾರ್ವಾ ತಿನ್ನಲೆಂದು ಬಿಡುವ ಗಪ್ಪಿ ಮೀನು ಸಾಯುತ್ತದೆ. ಕ್ಲೋರಿನ್ ವಾಸನೆ ಪೂರ್ತಿ ಹೋಗಿ ಕೆಲವು ದಿನ ಕಳೆದ ಮೇಲೇ ಮೀನು ಬಿಡಬೇಕು. ಗಜನಿಗೆ (ಉಪ್ಪುನೀರು ನುಗ್ಗುವ ತಗ್ಗು ಗದ್ದೆಗೆ), ಹೊಳೆಗೆ ಗಪ್ಪಿಯೂ ಬೇಡ, ಎಣ್ಣೆಯೂ ಬೇಡ. ಅಲ್ಲಿಯ ಸಣ್ಣ ಮೀನುಗಳೇ ಲಾರ್ವಾ ತಿನ್ನುತ್ತವೆ, ಎಣ್ಣೆ ಬಿಟ್ಟರೆ ಅವಕ್ಕೇ ಕುತ್ತು.

ಎಲ್ಲರೂ ಮೊದಲು ಕೇಳುವುದು ಹೊಗೆ. ಫಾಗಿಂಗ್ ಸಾಯಿಸುವುದು ಆ ಗಳಿಗೆಯಲ್ಲಿ ಹಾರಾಡುವ ಸೊಳ್ಳೆಯನ್ನಷ್ಟೇ. ಬಾಗಿಲು ಕಿಟಕಿ ಹಾಕಿಕೊಂಡರೆ ಒಳಗೆ ಬಟ್ಟೆಯ ಮರೆಯಲ್ಲಿ ಕೂತ ಈಡಿಸ್‌ಗೆ ಏನೂ ಆಗದು. ಡೆಂಗಿ ಖಾತ್ರಿಯಾದ ಮನೆಯ ಸುತ್ತ ಅದು ಬೇಕೇ ಬೇಕು, ಉಳಿದೆಡೆ ಆ ಹೊತ್ತನ್ನು ಅಂಗಳಕ್ಕೆ ಕೊಡುವುದು ಮೇಲು. ಜ್ವರ ಬಂದವರನ್ನು ಮೊದಲ ವಾರ ಹಗಲಲ್ಲೂ ಸೊಳ್ಳೆಪರದೆಯೊಳಗೇ ಮಲಗಿಸಿ, ಈಡಿಸ್ ಕಚ್ಚುವುದು ಹಗಲು ಹೊತ್ತಲ್ಲೇ.