ಮದುವೆ ಮನೆಯ ಪಂದಿಕರಿಗೆ ನಾನು ಲೆಕ್ಕ ಹಾಕುವ ರೀತಿ

ಕೊಡಗಿನಲ್ಲಿ ಮದುವೆ ಊಟದ ಕಾಂಟ್ರಾಕ್ಟ್ ಹಿಡಿಯುವ ನನಗೆ ಬರುವ ಫೋನ್‌ಗಳಲ್ಲಿ ಮೊದಲ ಪ್ರಶ್ನೆ ಹೆಚ್ಚಾಗಿ ಒಂದೇ: "ಅಣ್ಣ, ಪ್ಲೇಟಿಗೆ ಎಷ್ಟು ಬೀಳ್ತದೆ?" ಪಂದಿಕರಿಗೆ, ಅಂದರೆ ನಮ್ಮ ಕೊಡಗಿನ ಹಂದಿ ಮಾಂಸದ ಸಾರಿಗೆ, ತಲೆಗೆ ಎಷ್ಟು ಗ್ರಾಂ ಮಾಂಸ ಹಾಕಬೇಕು, ಎಷ್ಟು ಹೊತ್ತಿನ ಊಟದಲ್ಲಿ ಅದು ಇರಬೇಕು ಎಂದು ನಾನು ತಿರುಗಿ ಕೇಳುತ್ತೇನೆ. ಇವೆರಡು ಗೊತ್ತಾಗದೆ ಹೇಳಿದ ದರವನ್ನು ಇನ್ನೊಬ್ಬರ ದರದ ಜೊತೆ ಹೋಲಿಸಲು ಬರುವುದಿಲ್ಲ. ಕಡಿಮೆ ದರಕ್ಕೆ ಒಪ್ಪಿಕೊಂಡವರು ಆ ವ್ಯತ್ಯಾಸವನ್ನು ಮಾಂಸದಲ್ಲಿ ಹಿಡಿದುಕೊಳ್ಳುತ್ತಾರೆ. ಕೊನೆಯ ಪಂಕ್ತಿಯವರಿಗೆ ಬರೀ ಗ್ರೇವಿ ಸಿಕ್ಕಿತು ಎಂಬ ಬೇಸರ ಹುಟ್ಟುವುದು ಹೀಗೆ. ಮದುವೆ ಮನೆಯವರಿಗೆ ಅದು ವರ್ಷಗಟ್ಟಲೆ ಉಳಿಯುವ ನೋವು.

ಕೋಳಿ, ಮಟನ್ ಎರಡೂ ಇರುವ ಮಧ್ಯಾಹ್ನದ ಊಟಕ್ಕೆ ನಾನು ತಲೆಗೆ 180 ಗ್ರಾಂ ಹಸಿ ಹಂದಿ ಮಾಂಸ ಇಡುತ್ತೇನೆ. ಮಟನ್ ಇಲ್ಲದಿದ್ದರೆ 250. ಇದು ಎಲುಬು, ಚರ್ಮ, ಕೊಬ್ಬು ಸೇರಿದ ತೂಕ. ಬೆಂದಾಗ ಕಿಲೋಗೆ ಕಾಲು ಭಾಗಕ್ಕೂ ಹೆಚ್ಚು ಇಳಿಯುತ್ತದೆ. ಕರಗಿದ ಕೊಬ್ಬಿನಲ್ಲೇ ಮಾಂಸ ಬೇಯುವುದರಿಂದ ಎಣ್ಣೆಯ ಖರ್ಚು ಇಲ್ಲವೆಂದೇ ಹೇಳಬಹುದು. ಬೆಂಗಳೂರಿನಿಂದ ಬರುವ ನೆಂಟರಿಗಾಗಿ "ಕೊಬ್ಬಿಲ್ಲದ ಮಾಂಸ ಹಾಕಿ" ಎನ್ನುವವರಿದ್ದಾರೆ. ನಾನು ಬೇಡ ಎನ್ನುತ್ತೇನೆ. ಅದಕ್ಕೆ ದರವೂ ಜಾಸ್ತಿ, ದೊಡ್ಡ ಪಾತ್ರೆಯಲ್ಲಿ ಹೊತ್ತುಗಟ್ಟಲೆ ಕುದಿಯುವಾಗ ಅದು ನಾರುನಾರಾಗುತ್ತದೆ. ಒಂದೊಂದು ತುಂಡಿನಲ್ಲೂ ಚರ್ಮ, ಕೊಬ್ಬು, ಮಾಂಸ ಮೂರೂ ಇರಬೇಕು. ಆ ಚರ್ಮವೂ ಬೆಂಕಿಯಲ್ಲಿ ಸುಟ್ಟು ಕೆರೆದದ್ದಾಗಿರಬೇಕು. ಬಿಸಿನೀರು ಹೊಯ್ದು ಕೂದಲು ತೆಗೆದ ಹಂದಿಗೆ ಆ ಪರಿಮಳ ಬರುವುದಿಲ್ಲ.

ಜೀವಂತ ಹಂದಿ ಕೊಂಡರೆ ಅಗ್ಗವಲ್ಲವೇ ಎಂದು ತುಂಬಾ ಜನ ಕೇಳುತ್ತಾರೆ. 100 ಕಿಲೋದ ಹಂದಿಯನ್ನು ಶುಚಿ ಮಾಡಿದರೆ 70ರಿಂದ 75 ಕಿಲೋ ಸಿಗುತ್ತದೆ. ತಲೆ, ಕಾಲು ಬಿಟ್ಟರೆ ಕರಿಗೆ ಹೋಗುವುದು 65ರ ಆಸುಪಾಸು. ಜೀವಂತ ತೂಕಕ್ಕೆ ಕಿಲೋಗೆ 220 ರೂಪಾಯಿ ಎಂದಿಟ್ಟುಕೊಳ್ಳಿ. 22,000ಕ್ಕೆ ಕಡಿಯುವವರ ಕೂಲಿ 1,500 ಸೇರಿಸಿ 65ರಿಂದ ಭಾಗಿಸಿದರೆ ಕಿಲೋಗೆ 360 ದಾಟುತ್ತದೆ. ಅಂಗಡಿಯ ಮಾಂಸ 400 ಇದ್ದರೆ ಉಳಿಯುವುದು 40 ರೂಪಾಯಿ ಅಷ್ಟೇ. ಮನೆಯಲ್ಲೇ ಸಾಕಿದ ಹಂದಿ ಇದ್ದವರಿಗೆ ಇದು ಬೇರೆ ಮಾತು.

ಎಲ್ಲಿಂದ ಕೊಳ್ಳುತ್ತೇನೆ ಎಂಬುದರಲ್ಲಿ ಮಾತ್ರ ನಾನು ಚೌಕಾಸಿ ಮಾಡುವುದಿಲ್ಲ. ಆಫ್ರಿಕನ್ ಹಂದಿ ಜ್ವರ 2020ರಲ್ಲಿ ಅಸ್ಸಾಂ ಕಡೆಯಿಂದ ಶುರುವಾಗಿ 2022ರಲ್ಲಿ ನಮ್ಮ ಮಡಿಕೇರಿ ಹತ್ತಿರದ ಗಾಳಿಬೀಡಿನವರೆಗೂ ಬಂತು. ಮನುಷ್ಯರಿಗೆ ಹರಡದ ರೋಗ ಅದು, ಆದರೆ ಹಂದಿಗೆ ಮದ್ದಿಲ್ಲ. ರೋಗ ಕಂಡ ಜಾಗದ ಸುತ್ತ 1 ಕಿಲೋಮೀಟರ್‌ನಲ್ಲಿ ಹಂದಿಗಳನ್ನು ಕೊಲ್ಲುತ್ತಾರೆ, 10 ಕಿಲೋಮೀಟರ್‌ವರೆಗೆ ನಿಗಾ ಇಡುತ್ತಾರೆ. ಮುಹೂರ್ತಕ್ಕೆ ವಾರ ಇರುವಾಗ ಹೀಗಾದರೆ ಮಾಂಸ ಎಲ್ಲಿಂದ ತರುವುದು? ಅದಕ್ಕೇ ಬೇರೆ ಬೇರೆ ದಿಕ್ಕಿನ ಇಬ್ಬರು ಸಾಕಣೆದಾರರಿಗೆ ಮೊದಲೇ ಮುಂಗಡ ಕೊಟ್ಟಿರುತ್ತೇನೆ. ಕಾಡುಹಂದಿ ಸಿಗುತ್ತದಾ ಎಂದು ಕೇಳುವ ಹಿರಿಯರಿಗೆ ಇಲ್ಲ ಎಂದೇ ಹೇಳುತ್ತೇನೆ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅದನ್ನು ಹೊಡೆಯುವುದೂ ಮಾರುವುದೂ ಅಪರಾಧ.

ಈಗ ಕೋಳಿ, ಮಟನ್ ಎರಡೂ ಇರುವ 500 ಜನರ ಒಂದು ಹೊತ್ತಿನ ಊಟ ತೆಗೆದುಕೊಳ್ಳೋಣ. ಅದರಲ್ಲಿ ಪಂದಿಕರಿ ಮತ್ತು ಅದರ ಜೊತೆಗಿನ ಕಡಂಬುಟ್ಟು, ಅಂದರೆ ಅಕ್ಕಿ ತರಿಯ ಹಬೆ ಉಂಡೆ, ಇವೆರಡರ ಲೆಕ್ಕ ಮಾತ್ರ. ಮಾಂಸ 90 ಕಿಲೋ, 400ರಂತೆ 36,000. ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಹುರಿದು ಪುಡಿ ಮಾಡುವ ಕೊತ್ತಂಬರಿ, ಜೀರಿಗೆ, ಸಾಸಿವೆ, ಮೆಂತ್ಯ, ಕಾಳುಮೆಣಸು, ಜೊತೆಗೆ ಹುಳಿಗೆ ಹಾಕುವ ಕಾಚಂಪುಳಿ ಎಲ್ಲ ಸೇರಿ 6,000. ಕಡಂಬುಟ್ಟಿಗೆ ಅಕ್ಕಿ ತರಿ 1,750, ಉಂಡೆ ಕಟ್ಟುವ ನಾಲ್ವರಿಗೆ 2,800. ಕರಿ ಮಾಡುವ ಭಟ್ಟರಿಗೂ ಇಬ್ಬರು ಸಹಾಯಕರಿಗೂ 5,000, 19 ಕಿಲೋದ ಎರಡು ಗ್ಯಾಸ್ ಸಿಲಿಂಡರ್‌ಗೆ 3,600. ಇಲ್ಲಿಗೆ 55,150. ಪಾತ್ರೆ, ಗಾಡಿ, ಬಡಿಸುವವರ ಪಾಲು 8,000. ಅದರ ಮೇಲೆ ನನ್ನ ಲಾಭ ಶೇಕಡ 15. ತಲೆಗೆ ಸುಮಾರು 145 ರೂಪಾಯಿ ಆಯಿತು. ಜಿಎಸ್‌ಟಿ ಶೇಕಡ 5 ಸೇರಿದರೆ 152. ದರಗಳು ತಿಂಗಳಿಗೊಮ್ಮೆ ಬದಲಾಗುತ್ತವೆ, ಆದರೆ ಅರ್ಧದಷ್ಟು ಹಣ ಮಾಂಸಕ್ಕೇ ಹೋಗುತ್ತದೆ ಎಂಬುದು ಬದಲಾಗುವುದಿಲ್ಲ. ಜಿಎಸ್‌ಟಿಯನ್ನು ಮೊದಲ ದಿನವೇ ಸೇರಿಸಿ ಹೇಳುತ್ತೇನೆ, ಕೊನೆಗೆ ಬಿಲ್ಲಿನಲ್ಲಿ ತೋರಿಸಿದರೆ ಮನಸ್ತಾಪ.

ಕಡಂಬುಟ್ಟಿನ ಲೆಕ್ಕ ಗಮನಿಸಿ. ಅಕ್ಕಿಗಿಂತ ಕೈಗೆ ಹೆಚ್ಚು ದುಡ್ಡು. ತಲೆಗೆ ಮೂರರಂತೆ 1,500 ಉಂಡೆ. ಬೇಯಿಸಿದ ತರಿ ಕೈ ಸುಡುವಷ್ಟು ಬಿಸಿ ಇರುವಾಗಲೇ ಉಂಡೆ ಕಟ್ಟಬೇಕು, ಆರಿದರೆ ಬಿರುಕು ಬಿಡುತ್ತದೆ. ಅಂಗೈಗೆ ತಣ್ಣೀರು ಮುಟ್ಟಿಸಿಕೊಳ್ಳುತ್ತಾ, ಒಂದೇ ಗಾತ್ರಕ್ಕೆ ಉರುಳಿಸುತ್ತಾ, ಹಬೆ ಪಾತ್ರೆಗೆ ತುಂಬುವ ಆ ಹೆಂಗಸರ ಕೂಲಿಯಲ್ಲಿ ನೂರು ರೂಪಾಯಿ ಕಡಿಮೆ ಮಾಡಿ ಎಂದವರಿಗೆ ನಾನು ಒಪ್ಪಿದ್ದಿಲ್ಲ. ಬೇಕಾದರೆ ಕಡಂಬುಟ್ಟು ಬಿಟ್ಟು ಅನ್ನ, ನೂಪುಟ್ಟು (ಒತ್ತು ಶಾವಿಗೆ) ಮಾಡಿಸಿ.

ಕಾಚಂಪುಳಿಯಲ್ಲೂ ಉಳಿತಾಯ ಹುಡುಕಬಾರದು. ಮಳೆಗಾಲದಲ್ಲಿ ಮಾಗಿದ ಪುಳಿ ಹಣ್ಣನ್ನು ಬುಟ್ಟಿಯಲ್ಲಿಟ್ಟು, ತೊಟ್ಟಿಕ್ಕಿದ ರಸವನ್ನು ಕಪ್ಪಾಗಿ ಮಂದವಾಗುವ ತನಕ ಕುದಿಸಿ ಇಳಿಸಿದ್ದು ಅದು. ಒಳ್ಳೆಯದಾದರೆ 90 ಕಿಲೋಗೆ ಒಂದೂವರೆ ಲೀಟರ್ ಒಳಗೆ ಸಾಕು. ಚಮಚದಿಂದ ಬೀಳಿಸಿ ನೋಡುತ್ತೇನೆ. ನೀರಿನ ಹಾಗೆ ಹರಿದರೆ ವಾಪಸ್. ತೆಳ್ಳಗಿನದ್ದನ್ನು ಎರಡು ಪಟ್ಟು ಸುರಿದರೂ ಆ ಬಣ್ಣ, ಆ ಹುಳಿ ಬರುವುದಿಲ್ಲ.

ನಿಜವಾಗಿ ಖರ್ಚು ಇಳಿಸಬೇಕೆಂದರೆ ತೋಟದ ಕಡೆ ನೋಡಿ. ಮೆಣಸು, ಅಕ್ಕಿ, ಸೌದೆ ಮನೆಯಿಂದ ಬಂದರೆ ಅಷ್ಟನ್ನೂ ಬಿಲ್ಲಿನಿಂದ ಕಳೆಯುತ್ತೇನೆ. ಸೌದೆ ಒಲೆಗೆ ಒಬ್ಬ ಆಳು ಹೆಚ್ಚು ಬೇಕು, ಆದರೂ ಲಾಭವೇ. ಕಿಲೋ ಲೆಕ್ಕದಲ್ಲಿ ಹಂದಿಗಿಂತ ಎರಡು ಪಟ್ಟು ಬೆಲೆಯ ಮಟನ್ ಅನ್ನು ಒಂದೇ ಐಟಂಗೆ ಇಳಿಸಿದರೆ ಉಳಿಯುವ ಹಣ ದೊಡ್ಡದು.

ಎಲ್ಲಕ್ಕಿಂತ ಕಷ್ಟ ತಲೆ ಎಣಿಸುವುದು. ಒಕ್ಕದವರು (ಒಂದೇ ಮನೆತನದವರು), ಊರವರು, ನೆಂಟರು ಎಲ್ಲರಿಗೂ ಕಾಗದ ಹೋಗಿರುತ್ತದೆ, ಬರುತ್ತೇನೆ ಬರುವುದಿಲ್ಲ ಎಂದು ಯಾರೂ ಹೇಳುವುದಿಲ್ಲ. ಆ ದಿನ ವಿರಾಜಪೇಟೆ, ಪೊನ್ನಂಪೇಟೆ, ಗೋಣಿಕೊಪ್ಪದ ಕೊಡವ ಸಮಾಜಗಳಲ್ಲಿ ಬೇರೆ ಮದುವೆ ಇದೆಯೇ ಎಂದು ವಿಚಾರಿಸುತ್ತೇನೆ. ಏಪ್ರಿಲ್, ಮೇ, ಡಿಸೆಂಬರ್‌ನಲ್ಲಿ ಒಂದೇ ಮುಹೂರ್ತಕ್ಕೆ ಮೂರು ಕಡೆ ಮದುವೆ ಇರುತ್ತದೆ. ಜನ ಎರಡು ಕಡೆ ಮುಖ ತೋರಿಸಿ ಒಂದು ಕಡೆ ಉಣ್ಣುತ್ತಾರೆ. ಅಂಥ ದಿನ 800 ಕಾಗದ ಹಂಚಿದವರಿಗೂ ಪೂರ್ತಿ ಮಾಂಸ ತರುವುದಿಲ್ಲ.

ಹಿಂದಿನ ರಾತ್ರಿಯ ಊರುಕೂಡುವಿಕೆಯನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಬರುವವರು ಕಡಿಮೆ, ತಿನ್ನುವುದು ಹೆಚ್ಚು. ವಾಲಗ ಶುರುವಾಗಿ ಗ್ಲಾಸು ಕೈಗೆ ಬಂದ ಮೇಲೆ ಪೋರ್ಕ್ ಫ್ರೈ ತಟ್ಟೆ ಖಾಲಿಯಾಗುತ್ತಲೇ ಇರುತ್ತದೆ. ಫ್ರೈಗೆ ಗ್ರೇವಿಯ ಆಸರೆಯಿಲ್ಲ, ಬರೀ ಮಾಂಸ. ಅದಕ್ಕೆ ತಲೆಗೆ 300 ಗ್ರಾಂ ಹಿಡಿಯುತ್ತೇನೆ, ಅದೂ ಊಟದ ಕರಿ ಬಿಟ್ಟು.

ಮುಂಗಡ ತೆಗೆದುಕೊಳ್ಳುವಾಗ ಹಸಿ ಮಾಂಸದ ಕಿಲೋ, ಚರ್ಮ ಸಮೇತವೋ ಅಲ್ಲವೋ, ಮೆಣಸು ಯಾರದ್ದು, 50 ಜನ ಹೆಚ್ಚಾದರೆ ಎಷ್ಟು ಎಂಬುದನ್ನು ಕಾಗದದಲ್ಲಿ ಬರೆದು ಇಬ್ಬರೂ ಸಹಿ ಹಾಕುತ್ತೇವೆ. ಮುಹೂರ್ತದ ದಿನ ಬೆಳಿಗ್ಗೆ ಮಾಂಸ ತೂಗುವಾಗ ಮನೆಯವರಲ್ಲೊಬ್ಬರು ತಕ್ಕಡಿ ಹತ್ತಿರ ನಿಲ್ಲಲೇಬೇಕು. ಮಿಕ್ಕ ಕರಿ ಮನೆಯವರದ್ದೇ. ಮತ್ತೊಮ್ಮೆ ಚೆನ್ನಾಗಿ ಕುದಿಸಿ, ಅವರ ಪಾತ್ರೆಗೆ ಹಾಕಿಕೊಟ್ಟ ಮೇಲೆ ಬಾಕಿ ಹಣ ಕೇಳುತ್ತೇನೆ.